ಅತ್ತೆಗೊಂದು ಕಛೇರಿ

ತಾನಿರುವ ಊರಿನ ಬಗ್ಗೆ ಜಂಬ ಕೊಚ್ಚಿಕೊಳ್ಳುವುದು ಮನುಷ್ಯನಿಗೆ ಸಹಜ. ಆದರೆ ಆ ಜಂಬವನ್ನು ಅತ್ತೆಯ ಎದುರು ಕೊಚ್ಚಿಕೊಳ್ಳಬಾರದು ಎಂಬುದು ನಾನು ಸ್ವಂತ ಅನುಭವದಿಂದ ಕಲಿತ ಪಾಠ. ಹೆಂಡತಿಯ ಎದುರು ಕೊಚ್ಚಿಕೊಂಡರೆ ಅಪಾಯವಿಲ್ಲ, ಅವಳು ನಂಬುವುದಿಲ್ಲ, ಮಾತು ಅಲ್ಲಿಗೆ ಮುಗಿಯುತ್ತದೆ. ಅತ್ತೆ ಪಾಪ, ನಂಬಿಬಿಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾವಿದ್ದದ್ದು ಅಮೆರಿಕದ ಟೆಕ್ಸಾಸಿನಲ್ಲಿ, ಆಸ್ಟಿನ್ನಿನ ಹೊರಗೆ, ಸೀಡರ್ ಪಾರ್ಕ್ ಎಂಬ ಊರಿನಲ್ಲಿ. ಆಸ್ಟಿನ್ ತನ್ನನ್ನು ತಾನೇ ಜಗತ್ತಿನ ಸಂಗೀತದ ರಾಜಧಾನಿ ಎಂದು ಕರೆದುಕೊಳ್ಳುವ ಊರು. ಮೈಸೂರಿನಿಂದ ಬಂದ ನಮ್ಮ ಅತ್ತೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಗಲ ಟೋಪಿಯ ಒಬ್ಬ ಮಹಾಶಯ ಗಿಟಾರ್ ಹಿಡಿದು ಹಾಡುತ್ತಿದ್ದ. ಇಪ್ಪತ್ತೆರಡು ಗಂಟೆ ಪ್ರಯಾಣ ಮಾಡಿ ಬಂದ ಅತ್ತೆ ಕೈಚೀಲ ಕೆಳಗಿಟ್ಟು, ನಿಂತು ಪೂರ್ತಿ ಹಾಡು ಕೇಳಿ, "ಪರವಾಗಿಲ್ಲ, ಶ್ರುತಿ ಶುದ್ಧವಾಗಿದೆ" ಎಂದು ಸರ್ಟಿಫಿಕೇಟ್ ಕೊಟ್ಟರು. ನಾನು ಸುಮ್ಮನಿರಬಹುದಿತ್ತು. "ಇದೇನು ಮಹಾ ಅತ್ತೆ, ಈ ಊರಲ್ಲಿ ದಿನಾ ಸಂಗೀತ. ನೀವು ಕೇಳಿ ಸುಸ್ತಾಗಬೇಕು, ಅಷ್ಟು!" ಎಂದುಬಿಟ್ಟೆ. ಅತ್ತೆಯ ಮುಖ ಅರಳಿತು. "ಹಾಗಾದ್ರೆ ನಮ್ಮ ಕಛೇರಿ ಯಾವತ್ತು ಅಳಿಯಂದ್ರೇ?" ಎಂದರು. "ಇನ್ನೊಂದು ತಿಂಗಳಲ್ಲೇ," ಎಂದೆ. ನನ್ನ ಹೆಂಡತಿ ಸುಧಾ ನನ್ನನ್ನು ಒಮ್ಮೆ ನೋಡಿದಳು. ಆ ನೋಟದ ಅರ್ಥ ನನಗೆ ಚೆನ್ನಾಗಿ ಗೊತ್ತು, ಆದ್ದರಿಂದ ಟ್ರಾಲಿ ತರಲು ಹೋದೆ.

ಇಲ್ಲೊಂದು ತಪ್ಪೊಪ್ಪಿಗೆ. ಅತ್ತೆಯ ಟಿಕೆಟ್ ತೆಗೆದವನು ನಾನು. ಮಾರ್ಚ್ ಕೊನೆಗೆ ಬಂದರೆ ಟೆಕ್ಸಾಸಿನ ಹವೆ ಹಿತ, ರಸ್ತೆಯ ಪಕ್ಕದಲ್ಲೆಲ್ಲ ನೀಲಿ ಹೂವು ಎಂದೆಲ್ಲ ಲೆಕ್ಕ ಹಾಕಿದ್ದೆ. ರಾಮನವಮಿ ಬರುವುದು ಅದೇ ಸಮಯಕ್ಕೆ ಎಂದು ಹೊಳೆಯಲೇ ಇಲ್ಲ. ಮೈಸೂರಿನಲ್ಲಿ ಆ ದಿನಗಳಲ್ಲಿ ಅತ್ತೆ ಸಂಜೆ ನಾಲ್ಕಕ್ಕೇ ಅಡುಗೆ ಮುಗಿಸಿ, ಸಂಗೀತೋತ್ಸವದ ಚಪ್ಪರದ ಎರಡನೇ ಸಾಲಿನಲ್ಲಿ ಕರ್ಚೀಫ್ ಹಾಸಿ ಜಾಗ ಹಿಡಿಯುವವರು. ಮಾವನವರು ತೀರಿಕೊಂಡ ವರ್ಷ ಬಿಟ್ಟರೆ ಒಂದು ವರ್ಷವೂ ತಪ್ಪಿಸಿದವರಲ್ಲ. ಈ ಸಲ ನನ್ನಿಂದ ತಪ್ಪಿತು. ಅವರು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸರಿ, ಕಛೇರಿ ಹುಡುಕಲು ಹೊರಟೆ. ಊರಿನಲ್ಲಿ ಪುಕ್ಕಟೆ ಹಂಚುವ ಒಂದು ವಾರಪತ್ರಿಕೆಯಿತ್ತು. ಎಲ್ಲೆಲ್ಲಿ ಯಾರ ಹಾಡು ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಆರು ಪುಟ. ಬಾರಿನಲ್ಲಿ, ಹೋಟೆಲಿನಲ್ಲಿ, ಪುಸ್ತಕದಂಗಡಿಯಲ್ಲಿ, ಕೊನೆಗೆ ಒಂದು ಲಾಂಡ್ರಿಯಲ್ಲೂ ಸಂಗೀತವಿತ್ತು. ಪಿಟೀಲೂ ಇತ್ತು, ಆದರೆ ನಿಂತುಕೊಂಡು ಬಾರಿಸುವ ಪಿಟೀಲು. ಅಮೆರಿಕದಲ್ಲಿ ನಮ್ಮ ಸಂಗೀತದ ಸುದ್ದಿ ಸಿಗುವುದು ಪತ್ರಿಕೆಯಲ್ಲಲ್ಲ, ಇಂಡಿಯನ್ ಸ್ಟೋರಿನಲ್ಲಿ ತೊಗರಿಬೇಳೆ ಮೂಟೆಯ ಮೇಲಿನ ಗೋಡೆಯಲ್ಲಿ. ಅಲ್ಲಿ ಹೋಗಿ ನೋಡಿದೆ. ಹೂಸ್ಟನ್ನಿನಲ್ಲಿ ಒಬ್ಬ ವಿದುಷಿಯ ಗಾಯನ, ಹೋದ ಶನಿವಾರ. ಅದರ ಪಕ್ಕದ ಕಾಗದದ್ದು ಅದಕ್ಕೂ ಹಿಂದಿನ ಶನಿವಾರ. ಆ ಗೋಡೆಗೆ ಕಾಗದ ಹತ್ತುವುದು ಕಾರ್ಯಕ್ರಮ ಮುಗಿದ ಮೇಲೆಯೇ ಎಂದು ನನಗೆ ಈಗಲೂ ಗುಮಾನಿ. ಹೀಗೆ ಏಪ್ರಿಲ್ ಹೋಯಿತು, ಮೇ ಹೋಯಿತು. ಅತ್ತೆ ವಾಪಸು ಹೊರಡುವುದು ಜೂನ್ ಕೊನೆಯ ಗುರುವಾರ. ಅವರು ಸಂಜೆ ಹೊತ್ತು ಟೇಪ್ ರೆಕಾರ್ಡರ್ ಮುಂದೆ ಕುಳಿತು ಹಳೆಯ ಕ್ಯಾಸೆಟ್ ಕೇಳುತ್ತಿದ್ದರೆ ನಾನು ಕಳ್ಳನಂತೆ ಹಿತ್ತಲಿಗೆ ಹೋಗಿ, ಬೆಳೆಯದ ಹುಲ್ಲಿಗೆ ನೀರು ಹಾಯಿಸುತ್ತಿದ್ದೆ.

ಕೊನೆಗೆ ಯಾರೋ ಒಂದು ಫೋನ್ ನಂಬರ್ ಕೊಟ್ಟರು. ಡಲ್ಲಾಸಿನ ಪಕ್ಕ ಫ್ಲವರ್ ಮೌಂಡಿನಲ್ಲಿರುವ ದೇಸಾಯಿ ಅಂಕಲ್. ಮೂಲ ಧಾರವಾಡ. ಟೆಕ್ಸಾಸಿಗೆ ಬರುವ ಕಲಾವಿದರ ಊಟ, ನಿದ್ದೆ, ಪ್ರಯಾಣವೆಲ್ಲ ಅವರ ಉಸ್ತುವಾರಿ. ಹೆದರುತ್ತಲೇ ಫೋನ್ ಮಾಡಿ, "ಇಲ್ಲೆಲ್ಲಾದರೂ ಕಛೇರಿ ಇದೆಯಾ ಅಂಕಲ್?" ಎಂದೆ.

"ಅಲ್ರೀ, ಇಷ್ಟ್ ದಿನಾ ಎಲ್ಲಿದ್ರಿ ನೀವು? ನಿಮ್ಮಂಥಾ ರಸಿಕರನ್ನ ನಾ ಹುಡಕ್ಲಿಕ್ಕೆ ಹತ್ತೇನ್ರಿ!" ಎಂದರು. ಆ ವಿದುಷಿ ಇನ್ನೂ ಹೂಸ್ಟನ್ನಿನಲ್ಲೇ ತಮ್ಮ ತಂಗಿಯ ಮನೆಯಲ್ಲಿದ್ದರಂತೆ. ಡಲ್ಲಾಸಿನ ಕಛೇರಿ ಜೂನ್ ಕೊನೆಯ ಶನಿವಾರ. ಗುರುವಾರವೇ ಅತ್ತೆಯ ವಿಮಾನ ಎಂದು ಹೇಳಿಕೊಂಡೆ. "ಅದಕ್ಕೇನ್ರಿ? ಅದರ ಹಿಂದಿನ ರವಿವಾರ ನಿಮ್ಮ ಮನ್ಯಾಗ ಒಂದು ಕಾರ್ಯಕ್ರಮ ಇಟ್ಟಬಿಡ್ರಿ. ನೀವ ಹೋಗಿ ಅವರನ್ನ ಕರ್ಕೊಂಡ ಬರ್ರಿ, ಸೋಮವಾರ ಇಲ್ಲಿ ತಂದು ಬಿಡ್ರಿ. ಹೆಂಗೂ ನಡುವ ನಿಮ್ಮ ಊರ ಅದ." ಟೆಕ್ಸಾಸಿನ ನಕ್ಷೆ ನೋಡಿದವರಿಗೆ ಗೊತ್ತು, ಹೂಸ್ಟನ್ನಿನಿಂದ ಡಲ್ಲಾಸಿಗೆ ಹೋಗುವಾಗ ಆಸ್ಟಿನ್ ನಡುವೆ ಸಿಗುವುದಿಲ್ಲ, ಅದನ್ನು ಹುಡುಕಿಕೊಂಡು ಹೋಗಬೇಕು. ಆದರೆ ನಮ್ಮವರಲ್ಲಿ ಒಂದು ಪದ್ಧತಿ: ಕಛೇರಿ ಎಲ್ಲಿದೆ ಎಂದು ಕೇಳಿದವನ ಮನೆಯಲ್ಲೇ ಕಛೇರಿ. ನಾನು ಹೂಂ ಎಂದೆ.

ಸುದ್ದಿ ಕೇಳಿದ ಅತ್ತೆ, "ನಮ್ಮ ಮನೇಲಾ? ನಮ್ಮ ಹಾಲ್‌ನಲ್ಲಾ?" ಎಂದು ಎರಡೆರಡು ಸಲ ಕೇಳಿದರು. ಆಗ ನನಗಾದ ಸಂತೋಷಕ್ಕೆ ಸಾಟಿ ಇಲ್ಲ. ಮೂವತ್ತು ಜನಕ್ಕೆ ಇ-ಮೇಲ್ ಕಳಿಸಿದೆ. ಅದು ಫಾರ್ವರ್ಡ್ ಆಗುತ್ತ ಆಗುತ್ತ ಅರವತ್ತು ಜನ "ಖಂಡಿತ ಬರ್ತೀವಿ" ಎಂದರು. ಶನಿವಾರ ಹೂಸ್ಟನ್ನಿಗೆ ಹೋಗಿ ವಿದುಷಿಯವರನ್ನು ಕರೆತಂದೆ. ಪಿಟೀಲಿನವರು ಡಲ್ಲಾಸಿನಿಂದ ಕಾರಿನಲ್ಲಿ ಬಂದರು. ಮೃದಂಗದವರು ನಮ್ಮೂರಿನವರೇ, ವಾರವಿಡೀ ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ಕೆಲಸ. ಹಾಲಿನ ಸೋಫಾ ಎತ್ತಿ ಗ್ಯಾರೇಜಿಗೆ ಹಾಕಿದೆವು. ಬಂದವರಿಗೆ ಬಿಸಿಬೇಳೆ ಬಾತು, ಬೋಂಡ, ಕಾಫಿ ಎಂದು ತೀರ್ಮಾನವಾಯಿತು. ಇಲ್ಲಿ ನಮ್ಮ ಮನೆಯ ಒಂದು ಕಾನೂನು ಹೇಳಬೇಕು. ಕರಿಯುವುದೇನಿದ್ದರೂ ಗ್ಯಾರೇಜಿನಲ್ಲಿ, ಒಂದು ಪುಟ್ಟ ಒಲೆಯ ಮೇಲೆ. ಒಳಗೆ ಕರಿದರೆ ಕಾರ್ಪೆಟ್ಟಿಗೆ ಹತ್ತಿದ ಎಣ್ಣೆ ವಾಸನೆ ಮುಂದಿನ ದೀಪಾವಳಿವರೆಗೂ ಬಿಡುವುದಿಲ್ಲ. ಈ ಕಾನೂನು ಮಾಡಿದವನೂ ನಾನೇ.

ಭಾನುವಾರ ಸಂಜೆ ಕಛೇರಿ ಕಳೆಗಟ್ಟಿತು ಎಂದು ಎಲ್ಲರೂ ಹೇಳಿದರು. ಹೇಳಿದರು ಎನ್ನಲು ಕಾರಣ, ನನ್ನ ಗಮನವೆಲ್ಲ ಬಾಗಿಲ ಬಳಿ ಎಷ್ಟು ಜೊತೆ ಚಪ್ಪಲಿ ಆಯಿತು, ಪಕ್ಕದ ಮನೆಯವನ ಗೇಟಿಗೆ ಅಡ್ಡವಾಗಿ ಯಾರ ಕಾರು ನಿಂತಿದೆ ಎಂಬುದರ ಮೇಲಿತ್ತು. ಮಧ್ಯೆ ಮಧ್ಯೆ ಬೇರೆಯವರು ತಲೆದೂಗಿದಾಗ ನಾನೂ ದೂಗಿದೆ. ಕೊನೆಗೆ ವಂದನಾರ್ಪಣೆ. ಎರಡು ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ. "ಈ ಕಛೇರಿ ನಡೆದದ್ದು ಒಬ್ಬರಿಗಾಗಿ. ರಾಮನವಮಿಯ ಸಂಗೀತ ಬಿಟ್ಟು ನಮಗೋಸ್ಕರ ಇಷ್ಟು ದೂರ ಬಂದ ನಮ್ಮ ಅತ್ತೆಯವರಿಗಾಗಿ," ಎಂದು ಹೇಳಿ, ಕೈ ಚಾಚಿ ಮುಂದಿನ ಸಾಲು ತೋರಿಸಿದೆ. ಅರವತ್ತು ಜನ ಚಪ್ಪಾಳೆ ತಟ್ಟುತ್ತ ಆ ಕಡೆ ತಿರುಗಿದರು.

ಅತ್ತೆ ಅಲ್ಲಿರಲಿಲ್ಲ.

ಮದುವೆ ಗಡಿಬಿಡಿಯಲ್ಲಿ ತಾಳಿ ಕಟ್ಟುವುದನ್ನೇ ಮರೆತರು ಎಂಬ ಗಾದೆ ಕೇಳಿದ್ದೆ. ಓಡಿಹೋಗಿ ಗ್ಯಾರೇಜಿನ ಬಾಗಿಲು ತೆಗೆದೆ. ಹೊರಗೆ ಸಂಜೆಗೂ ಇಳಿಯದ, ಫ್ಯಾರನ್‌ಹೀಟ್ ಲೆಕ್ಕದ ನೂರು ಡಿಗ್ರಿ ಬಿಸಿಲು, ಒಳಗೆ ಎಣ್ಣೆಯ ಹಬೆ. ಅತ್ತೆ ಸೋಫಾದ ಅಂಚಿನಲ್ಲಿ ಕುಳಿತು ಕೊನೆಯ ಒಬ್ಬೆ ಬೋಂಡ ತೆಗೆಯುತ್ತಿದ್ದರು. ರೇಷ್ಮೆ ಸೀರೆಯ ಮೇಲೆ ಹಳೆ ಟವೆಲ್ ಕಟ್ಟಿಕೊಂಡಿದ್ದರು. ಮೂವತ್ತು ಜನಕ್ಕೆಂದು ಕಲಸಿದ ಹಿಟ್ಟು ಅರವತ್ತು ಜನಕ್ಕೆ ಸಾಲದೆ ಮತ್ತೆ ಮತ್ತೆ ಕಲಸಿದ್ದರು. ಸುಧಾ ಒಳಗೆ ಬಂದವರನ್ನು ಕೂರಿಸುವುದರಲ್ಲಿ ಮುಳುಗಿಹೋಗಿದ್ದಳು. ಅಮ್ಮ ಆಗಲೇ ಬಂದು ಕೂತಿರುತ್ತಾಳೆ ಎಂದುಕೊಂಡಿದ್ದಳಂತೆ.

"ಅತ್ತೆ, ಕಛೇರಿ..." ಎಂದೆ.

"ತುಂಬಾ ಚೆನ್ನಾಗಿತ್ತು ಅಳಿಯಂದ್ರೇ. ನೀವು ತಟ್ಟೆ ತಗೊಂಡು ಹೋಗೋಕೆ ಬಾಗಿಲು ತೆಗೆದಾಗಲೆಲ್ಲ ಕೇಳಿಸ್ತಿತ್ತು," ಎಂದರು. ವ್ಯಂಗ್ಯವಾಗಿ ಹೇಳಿದ್ದಲ್ಲ. ಅದಕ್ಕೇ ನನಗೆ ಅಳು ಬಂದಂತಾಯಿತು. ನಾನು ಬಾಗಿಲು ತೆಗೆದದ್ದು ಒಟ್ಟು ನಾಲ್ಕು ಸಲ, ತಟ್ಟೆ ಕೊಟ್ಟ ಕೈ ಯಾರದೆಂದು ಒಮ್ಮೆಯೂ ನೋಡಿರಲಿಲ್ಲ. ವಾಸನೆ ಒಳಗೆ ಬರಬಾರದೆಂದು ನಾಲ್ಕು ಸಲವೂ ತಕ್ಷಣ ಹಾಕಿದ್ದೆ.

ಜನ ಹೋದ ಮೇಲೆ ಮಾನ ಬಿಟ್ಟು ವಿದುಷಿಯವರಿಗೆ ಎಲ್ಲ ಹೇಳಿದೆ. ಅವರು ಅತ್ತೆಯ ವಾರಿಗೆಯವರೇ. "ಆ ಬೋಂಡ ಮಾಡಿದೋರು ಅವರೇನಾ?" ಎಂದು ಕೇಳಿದರು. ಆಮೇಲೆ, "ಬೆಳಿಗ್ಗೆ ಹೇಗೂ ಅಭ್ಯಾಸಕ್ಕೆ ಕೂತ್ಕೋತೀನಿ. ಅವರನ್ನ ಕಳಿಸಿ. ಅವರ ಕೈಯಲ್ಲಿ ಸೌಟು ಇರಬಾರದು, ಅಷ್ಟೆ," ಎಂದರು.

ಸೋಮವಾರ ನಾನು ರಜ ಹಾಕಿದ್ದೆ. ಸುಧಾ ಬೇಗ ಆಫೀಸಿಗೆ ಹೊರಟಳು. "ಇವತ್ತು ತಿಂಡಿ ನನ್ನದು, ನೀವು ಅಡುಗೆಮನೆಗೆ ಬರಕೂಡದು," ಎಂದು ಅತ್ತೆಯನ್ನು ಹೆಚ್ಚುಕಡಿಮೆ ನೂಕಿಕೊಂಡು ಹೋಗಿ ಹಾಲಿನಲ್ಲಿ ಕೂರಿಸಿದೆ. ವಿದುಷಿಯವರು ಎದುರಿಗೆ ಕುಳಿತು ಶ್ರುತಿಪೆಟ್ಟಿಗೆ ಹಾಕಿದರು. ಪಕ್ಕವಾದ್ಯವಿಲ್ಲ, ಮೈಕಿಲ್ಲ, ಒಬ್ಬರು ಹಾಡುವವರು, ಒಬ್ಬರು ಕೇಳುವವರು. ಅತ್ತೆ ಕಣ್ಣು ಮುಚ್ಚಿದರು. ಕೆನ್ನೆಯ ಮೇಲೆ ಇಳಿದ ನೀರನ್ನು ಒರೆಸಿಕೊಳ್ಳಲೂ ಇಲ್ಲ. ಒಂದೂವರೆ ಗಂಟೆ ನಡೆಯಿತು.

ನಾನು ಉಪ್ಪಿಟ್ಟಿಗೆ ನಿಂತೆ. ರವೆ ಹುರಿದೆ, ಒಗ್ಗರಣೆ ಹಾಕಿದೆ, ನೀರು ಕುದಿಯಿತು. ಉಪ್ಪು ಎಷ್ಟು ಎಂದು ಗೊತ್ತಿಲ್ಲ. ಹಾಲಿನ ಬಾಗಿಲಿಗೆ ಬಂದು, "ಅತ್ತೆ, ಉಪ್ಪು ಎಷ್ಟು ಚಮಚ?" ಎಂದು ಪಿಸುಗುಟ್ಟಿದೆ. ಅವರು ಕಣ್ಣು ತೆರೆಯದೆಯೇ ತೊಡೆಯ ಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು ಒಂದಾದ ಮೇಲೊಂದು ಊರಿದರು. ಮೂರು! ಇಷ್ಟು ತನ್ಮಯತೆಯಲ್ಲೂ ಅಡುಗೆಯ ಕಡೆ ಎಂಥ ನಿಗಾ ಎಂದು ಬೆರಗಾಗಿ, ಒಳಗೆ ಹೋಗಿ ಮೂರು ದೊಡ್ಡ ಚಮಚ ಉಪ್ಪು ಸುರಿದೆ. ಜೀವನದಲ್ಲಿ ಒಂದೇ ಒಂದು ಕಛೇರಿಯನ್ನು ನೆಟ್ಟಗೆ ಕೂತು ಕೇಳಿದ್ದರೂ ಅತ್ತೆ ಹಾಕುತ್ತಿದ್ದದ್ದು ತಾಳ ಎಂದು ನನಗೆ ತಿಳಿಯುತ್ತಿತ್ತು.

ವಿದುಷಿಯವರು ಒಂದು ತುತ್ತು ತಿಂದು, ಎರಡು ಲೋಟ ನೀರು ಕುಡಿದು, ಡಲ್ಲಾಸಿಗೆ ಹೊರಡಲು ತಡವಾಗುತ್ತದೆ ಎಂದು ಎದ್ದರು. ಅತ್ತೆ ತಟ್ಟೆ ಖಾಲಿ ಮಾಡಿ, "ಇನ್ನೂ ಸ್ವಲ್ಪ ಹಾಕಿ ಅಳಿಯಂದ್ರೇ," ಎಂದು ಕೇಳಿ ಹಾಕಿಸಿಕೊಂಡರು. ಮೈಸೂರಿಗೆ ಹೋದ ಮೇಲೆ ಬೀದಿಗೆಲ್ಲ, ಅಳಿಯ ತನಗೊಬ್ಬಳಿಗೇ ಕಛೇರಿ ಮಾಡಿಸಿದ, ಸಂಗೀತವೆಂದರೆ ಅವನಿಗೆ ಪ್ರಾಣ ಎಂದು ಹೇಳಿಕೊಂಡು ಬಂದರಂತೆ. ದೇಸಾಯಿ ಅಂಕಲ್ ಇತ್ತ ಟೆಕ್ಸಾಸಿಗೆಲ್ಲ ಅದನ್ನೇ ಸಾರಿದರು. ಅಂದಿನಿಂದ ನಾನು ಮೂರು ಊರಿನ ಕನ್ನಡಿಗರ ನಡುವೆ ಮಹಾ ರಸಿಕನೆಂದು ಹೆಸರಾಗಿದ್ದೇನೆ. ಆ ಉಪ್ಪಿಟ್ಟು ತಿಂದ ಇಬ್ಬರೂ ಇದುವರೆಗೆ ಬಾಯಿ ಬಿಟ್ಟಿಲ್ಲ.