ದೇವೀರಮ್ಮನವರ ಸಂಡಿಗೆ ಮತ್ತು ನನ್ನ ಮೊಣಕೈ

ನನ್ನ ಮೊಣಕೈ ನನ್ನದೇ ಎಂದು ನಾನು ನಂಬಿದ್ದೆ. ಅಲ್ಲಿ ಸೋರಿಯಾಸಿಸ್ ಬಂದಮೇಲೆ ಅದು ನಂಜನಗೂಡಿನ ನಮ್ಮ ಬೀದಿಯ ಸಾರ್ವಜನಿಕ ಆಸ್ತಿಯಾಯಿತು. ಕೆಂಪು ಮಚ್ಚೆ, ಅದರ ಮೇಲೆ ಬೆಳ್ಳಿಯಂಥ ಹೊಟ್ಟು (ಮನೆಯಲ್ಲಿ ಬೇರೆ ಬೆಳ್ಳಿಯಿಲ್ಲ). ನೋಡಿದವರೆಲ್ಲ ವೈದ್ಯರಾದರು. ಒಬ್ಬರು ಬದನೆಕಾಯಿ ತಿನ್ನುವುದನ್ನು ಬಿಡಿಸಿದರು, ಇನ್ನೊಬ್ಬರು ನಾಗದೋಷ ಹಚ್ಚಿದರು. ಎದುರುಮನೆಯ ದೇವೀರಮ್ಮನವರು ಮಾತ್ರ ಸಲಹೆ ಕೊಡಲಿಲ್ಲ. ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ಗೋಡೆಗೆ ಒತ್ತಿಕೊಂಡೇ ಹೋಗುತ್ತಿದ್ದರು.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಸುಮ್ಮನಿರಲಾಗಲಿಲ್ಲ. ಅವರ ಗೇಟಿಗೆ ಒರಗಿಕೊಂಡು, ಇದು ಅಂಟುರೋಗವಲ್ಲ, ದೇಹದ ರಕ್ಷಣಾಪಡೆ ದಾರಿ ತಪ್ಪಿ ಸ್ವಂತ ಚರ್ಮದ ಮೇಲೇ ದಂಡೆತ್ತಿ ಬಂದಿದೆ, ಆದ್ದರಿಂದ ಹೊಸ ಚರ್ಮ ಅವಸರದಲ್ಲಿ ಹುಟ್ಟಿ ಉದುರುತ್ತಿದೆ ಎಂದು ಪಾಠ ಮಾಡಿದೆ. ಅವರು ಶ್ರದ್ಧೆಯಿಂದ ಕೇಳಿದರು. ನಾನು ಹೋದಮೇಲೆ ಗೇಟು ತೊಳೆಸಿದರು.

ಕೊನೆಗೆ ಮೈಸೂರಿನ ಚರ್ಮದ ಡಾಕ್ಟರ ಹತ್ತಿರ ಹೋದೆವು. ಇದು ಪೂರ್ತಿ ಬಿಟ್ಟುಹೋಗುವುದಲ್ಲ, ಹತೋಟಿಯಲ್ಲಿಡಬಹುದು ಎಂದು ಅವರು ಮುಲಾಮನ್ನೂ ತುರಿಕೆಗೆ ಮಾತ್ರೆಯನ್ನೂ ಬರೆದುಕೊಟ್ಟರು. ಬೆಳಗಿನ ಎಳೆಬಿಸಿಲು ಸ್ವಲ್ಪ ಹೊತ್ತು ತಾಗಲಿ ಎಂದರು. ನನ್ನ ಧರ್ಮಪತ್ನಿ ಮಂಗಳಗೌರಿ ಎಲ್ಲವನ್ನೂ ಕೇಳಿ, ಬಿಸಿಲನ್ನಷ್ಟೇ ನೆನಪಿಟ್ಟುಕೊಂಡಳು.

ಬೇಸಿಗೆ ರಜ. ಮರುದಿನವೇ ನನ್ನನ್ನು ಬನಿಯನ್ನಿನಲ್ಲಿ ತಾರಸಿಗೆ ಹತ್ತಿಸಿದಳು. ಅಲ್ಲಿ ಚಾಪೆಯ ತುಂಬ ಸಂಡಿಗೆ.

"ಡಾಕ್ಟ್ರು ಸ್ವಲ್ಪ ಹೊತ್ತು ಅಂದ್ರು," ಎಂದೆ.

"ಸಂಡಿಗೆ ಒಣಗಕೆ ಎಷ್ಟೊತ್ತು ಬೇಕು ಕಣ್ರೀ? ಹಂಗೇ ಕಾಗೆ ನೋಡ್ಕಳಿ."

ಈ ಪತಿಸೇವೆಯ ಸುದ್ದಿ ಬೀದಿಗೆ ಹಬ್ಬಿತು. ವಾರದೊಳಗೆ ದೇವೀರಮ್ಮನವರ ಸಂಡಿಗೆಯೂ ನಮ್ಮ ತಾರಸಿ ಏರಿತು. ಅವರ ತಾರಸಿಗೆ ತೆಂಗಿನಮರದ ನೆರಳಂತೆ. ಚಾಪೆಯನ್ನು ಮಾತ್ರ ನನ್ನ ಕುರ್ಚಿಯಿಂದ ಆದಷ್ಟು ದೂರ ಹಾಸಿದರು (ವಿಜ್ಞಾನಕ್ಕೂ ಒಂದು ಮಿತಿ ಇರಬೇಕಲ್ಲ).

ಒಂದು ರಾತ್ರಿ ತುರಿಕೆ ಹೆಚ್ಚಾಗಿ ಮಾತ್ರೆ ನುಂಗಿದ್ದೆ. ಅದರ ಮಂಪರು ಬೆಳಗ್ಗೆಯೂ ಇಳಿದಿರಲಿಲ್ಲ. ಕುರ್ಚಿಯಲ್ಲೇ ನಿದ್ದೆ ಹೋದೆ. ಕಣ್ಣು ಬಿಟ್ಟಾಗ ಕೋತಿಗಳ ಸಪರಿವಾರ ಪಂಕ್ತಿಭೋಜನ ಮುಗಿಯುತ್ತಿತ್ತು.

ದೇವೀರಮ್ಮನವರು ಮೆಟ್ಟಿಲು ಹತ್ತಿ ಬಂದವರೇ ನನ್ನ ಮೊಣಕೈಯನ್ನು, ಮಚ್ಚೆಯಿದ್ದ ಕಡೆಯೇ, ಗಟ್ಟಿಯಾಗಿ ಹಿಡಿದು ತಮ್ಮ ಚಾಪೆಯ ತನಕ ಎಳೆದೊಯ್ದರು.

"ನೋಡಿ ಮೇಷ್ಟ್ರೇ, ಒಂದಾರ ಉಳ್ದದಾ?"

ನಾನು ಚಾಪೆಯನ್ನು ನೋಡಲಿಲ್ಲ, ಅವರ ಕೈಯನ್ನೇ ನೋಡುತ್ತಿದ್ದೆ. ಮಚ್ಚೆ ಬಂದಮೇಲೆ ಬೀದಿಯವರೊಬ್ಬರು ಅಲ್ಲಿ ಮುಟ್ಟಿದ್ದು ಅದೇ ಮೊದಲು. ಬಿಡಿಸಿಕೊಳ್ಳದೆ ತಲೆ ತಗ್ಗಿಸಿಯೇ ನಿಂತೆ. ಗಲಾಟೆ ಕೇಳಿ ಮೇಲೆ ಬಂದ ಮಂಗಳಗೌರಿ ಅದನ್ನು ಪಶ್ಚಾತ್ತಾಪವೆಂದೇ ತಿಳಿದಳು. ಹೋದ ಸಂಡಿಗೆಯನ್ನು ನಾವೇ ಮಾಡಿಕೊಡುತ್ತೇವೆಂದು ಮಾತು ಕೊಟ್ಟು, ನನ್ನನ್ನು ಒಲೆಯ ಮುಂದೆ ಹಿಟ್ಟು ತೊಳಸಲು ನಿಲ್ಲಿಸಿದಳು.

ತೊಳಸಿ ತೊಳಸಿ ರಟ್ಟೆ ಬಿದ್ದುಹೋಯಿತು. ಉಸ್ತುವಾರಿಗೆ ಮಣೆ ಹಾಕಿಕೊಂಡು ಕೂತಿದ್ದ ದೇವೀರಮ್ಮನವರ ಕಡೆ ಆಸೆಯಿಂದ ನೋಡಿದೆ. "ನಂದು ಚರ್ಮದ ಕಾಯಿಲೆ. ಯಾವುದಕ್ಕೂ ಯೋಚನೆ ಮಾಡಿ, ಅಂಟಿಗಿಂಟೀತು," ಎಂದೆ.

"ಅಂಟಲ್ಲ, ತೊಳ್ಸಿ," ಎಂದರು.