ಎಲ್ಲರಿಗೂ ಅರ್ಥವಾದ ಪ್ರಕಟಣೆ

ನಮ್ಮ ಡಾಕ್ಟರು ರೋಗಿಗಳನ್ನು ನೋಡುವವರಲ್ಲ. ಟಿಕೆಟ್ ಬುಕಿಂಗ್ ಕಂಪನಿಯೊಂದರಲ್ಲಿ ಸರ್ವರ್ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಎಂಜಿನಿಯರು. ಕೆಟ್ಟು ಮಲಗಿದ ಸರ್ವರನ್ನು ಹತ್ತೇ ನಿಮಿಷದಲ್ಲಿ ಎಬ್ಬಿಸಿ ಕೂರಿಸುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಫಜೀತಿಯೆಲ್ಲ ‘ಸರ್ವರ್ ಮಲಗಿದೆ’ ಎಂದು ಗ್ರಾಹಕರಿಗೆ ಇಂಗ್ಲಿಷಿನಲ್ಲಿ ಪ್ರಕಟಣೆ ಬರೆಯುವಾಗ. ಅವರು ಬರೆದದ್ದರ ತಲೆಬುಡ ಯಾರಿಗೂ ತಿಳಿಯುತ್ತಿರಲಿಲ್ಲ.

“ನಾಳೆ ಮೂರು ಗಂಟೆಗೆ ನನ್ನೆದುರಿಗೆ ಒಂದು ಪ್ರಕಟಣೆ ಬರೆದು ತೋರ್ಸಿ,” ಎಂದಿದ್ದರು ಮ್ಯಾನೇಜರ್ ಮೇಡಂ. “ಚೆನ್ನಾಗಿದ್ರೆ ತಂಡದ ಮುಖ್ಯಸ್ಥರು ನೀವೇ.”

ಆರು ವರ್ಷದಿಂದ ಕಣ್ಣಿಟ್ಟಿದ್ದ ಕುರ್ಚಿ! ಡಾಕ್ಟರ ಹೆಂಡತಿ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಮರುದಿನ ಬೆಳಿಗ್ಗೆ, ಶಾಲೆಯ ಮಕ್ಕಳಿಗೆ ಹೇಳುವಂತೆ ಗಂಡನಿಗೂ ಹೇಳಿದರು.

“ರೀ, ಉದ್ದುದ್ದ ಎಳೀಬೇಡಿ. ಏನಾಗಿದೆ, ನೀವೇನು ಮಾಡ್ತಿದ್ದೀರ, ಅವರೇನು ಮಾಡ್ಬೇಕು. ಮೂರೇ ವಾಕ್ಯ.”

“ಇಷ್ಟೇನಾ? ನೋಡ್ತಿರು!” ಎಂದು ಡಾಕ್ಟರು ಎದೆಯುಬ್ಬಿಸಿ ಹೊರಟರು.

ಆಫೀಸಿನಲ್ಲಿ ಅಭ್ಯಾಸ ಶುರುವಾದದ್ದೇ ತಡ, ನೆಟ್‌ವರ್ಕ್ ವಿಭಾಗದವನು ಕುರ್ಚಿ ಎಳೆದುಕೊಂಡು ಬಂದ. “ಸಾರ್, ‘ಎಲ್ಲಾ ಸೇವೆಗಳೂ ನಿಂತಿವೆ’ ಅಂತ ಹಾಕಿ. ಗತ್ತಿರತ್ತೆ.” ಡೇಟಾಬೇಸ್ ನೋಡುವ ಅಕ್ಕನೂ ಟೀ ಲೋಟ ಹಿಡಿದು ಬಂದರು. “ಕೊನೇಲಿ ‘ದಯವಿಟ್ಟು ಕೂಡಲೇ ನಿಮ್ಮ ಟಿಕೆಟ್ ಸರಿಯಾಗಿದೆಯಾ ಅಂತ ನೋಡಿಕೊಳ್ಳಿ’ ಅಂತ ಸೇರಿಸಿ. ಕಾಳಜಿ ಕಾಣತ್ತೆ.”

ಡಾಕ್ಟರು ಎಲ್ಲವನ್ನೂ ಸೇರಿಸಿದರು. ಓದಿ ನೋಡಿದರೆ ಕನ್ನಡಿಯಷ್ಟು ಸ್ವಚ್ಛ! ಖುಷಿಯಲ್ಲಿ ಗುಂಡಿ ಒತ್ತಿದರು. ಪರದೆಯ ಮೇಲೆ ಅಭ್ಯಾಸದ ಪುಟವೂ ಅಸಲಿ ಪುಟವೂ ಅವಳಿ ಮಕ್ಕಳಂತೆ ಅಕ್ಕಪಕ್ಕ ತೆರೆದಿದ್ದವು. ಬರೆದದ್ದೂ ಒತ್ತಿದ್ದೂ ಗ್ರಾಹಕರಿಗೆ ಹೋಗುವ ಅಸಲಿ ಪುಟದಲ್ಲಿ.

“ಅಯ್ಯೋ! ನಿಜವಾಗ್ಲೂ ಹೋಗ್ಬಿಡ್ತಾ?” ಎಂದರು ಅಕ್ಕ.

ಡಾಕ್ಟರು ಅರ್ಧ ನಿಮಿಷದಲ್ಲಿ ಅಳಿಸಿದರು. ಅಷ್ಟರಲ್ಲಿ ಲಕ್ಷಾಂತರ ಮೊಬೈಲುಗಳು ಕಿಣಿಕಿಣಿ ಎಂದಾಗಿತ್ತು. ಊರಿಗೆ ಊರೇ ತಮ್ಮ ಟಿಕೆಟ್ ನೋಡಿಕೊಳ್ಳಲು ಒಮ್ಮೆಲೇ ಕಂಪನಿಯ ವೆಬ್‌ಸೈಟಿಗೆ ನುಗ್ಗಿತು. ಚೆನ್ನಾಗಿಯೇ ನಡೆಯುತ್ತಿದ್ದ ಸರ್ವರುಗಳು ಆ ನೂಕುನುಗ್ಗಲು ತಡೆಯಲಾರದೆ ಒಂದೊಂದಾಗಿ ಮಲಗಿದವು. ಕುರ್ಚಿ ಎಳೆದುಕೊಂಡು ಬಂದವನು ಕುರ್ಚಿಯ ಸಮೇತ ಮಾಯವಾದ. ಅಕ್ಕನಿಗೆ ಇದ್ದಕ್ಕಿದ್ದಂತೆ ಮೀಟಿಂಗ್ ನೆನಪಾಯಿತು. ಡಾಕ್ಟರು ಒಬ್ಬರೇ ಬೆವರು ಸುರಿಸಿ ಎಲ್ಲವನ್ನೂ ಎಬ್ಬಿಸುವ ಹೊತ್ತಿಗೆ ಮೂರು ಗಂಟೆ.

ಮೇಡಂ ಮುಂದೆ ಅಳಿಸಿದ ಪ್ರಕಟಣೆಯ ಪ್ರತಿ ಇತ್ತು. ಎರಡು ಸಲ ಓದಿದರು.

“ಒಂದು ತಪ್ಪೂ ಇಲ್ಲ. ಭೇಷ್!”

ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. “ಹಾಗಾದ್ರೆ ಮುಖ್ಯಸ್ಥನ ಕೆಲಸ, ಮೇಡಂ...?”

“ಕೂತ್ಕೊಳ್ಳಿ. ಆರು ವರ್ಷದಲ್ಲಿ ನೀವು ಎಷ್ಟೋ ಪ್ರಕಟಣೆ ಬರೆದ್ರಿ. ಯಾರಿಗೂ ಅರ್ಥ ಆಗ್ಲಿಲ್ಲ, ಯಾರೂ ಗಾಬರಿ ಆಗ್ಲಿಲ್ಲ. ನೀವು ಆರಾಮಾಗಿ ರಿಪೇರಿ ಮಾಡ್ಕೊಂಡ್ರಿ. ಇವತ್ತು ಎಲ್ಲರಿಗೂ ಅರ್ಥ ಆಯ್ತು!” ಮೇಡಂ ಕಾಗದ ಮಡಚಿದರು. “ದೊಡ್ಡೋರ ಜೊತೆ ಮಾತಾಡಿದೀನಿ. ನೀವು ಈ ಜಾಗದಲ್ಲೇ ಇರ್ಬೇಕಂತೆ, ಪ್ರಕಟಣೇನೂ ನೀವೇ ಬರೀಬೇಕಂತೆ. ಆದ್ರೆ ನಿಮ್ಮ ಹಳೇ ಇಂಗ್ಲಿಷಲ್ಲಿ.”

ಡಾಕ್ಟರು ತಮ್ಮ ಕುರ್ಚಿಗೆ ಮರಳಿ, ಕ್ಷಮೆ ಕೇಳುವ ಪ್ರಕಟಣೆ ಬರೆಯಲು ಕೂತರು. ಸಂಜೆಯವರೆಗೂ ಒದ್ದಾಡಿದರು. ಹಳೆಯ ಇಂಗ್ಲಿಷು ಏನು ಮಾಡಿದರೂ ನೆನಪಿಗೆ ಬರಲಿಲ್ಲ.