ಮನೆಯಲ್ಲೇ ಮರುಭರ್ತಿ ಮತ್ತು ಐದು ಢಂಗಳ ಮಂಜೂರಾತಿ

ಗದಗ ಜಿಲ್ಲೆಯಾದ ಮರುವರ್ಷ, ಹಳೆಯ ಜಿಲ್ಲೆಯಿಂದ ನಮ್ಮ ಪಾಲಿಗೆ ಬಂದ ಹನ್ನೆರಡು ಕುರ್ಚಿ, ಬಾಗಿಲಿಲ್ಲದ ಒಂದು ಕಪಾಟು ಮತ್ತು ಒಂದು ಕಡತ, ಇವುಗಳ ಪೈಕಿ ಕಡತ ಮಾತ್ರ ಉಪಯೋಗಕ್ಕೆ ಯೋಗ್ಯವೆಂದು ತೀರ್ಮಾನಿಸಲಾಯಿತು. ಅದರ ಮೇಲೆ ‘ಬೆಳೆ ರಕ್ಷಣೆಗಾಗಿ ಮನೆಯಲ್ಲೇ ಬಂದೂಕಿನ ಕಾಡತೂಸು ಮರುಭರ್ತಿ ಮಾಡಿಕೊಳ್ಳುವ ತರಬೇತಿ’ ಎಂದು ಬರೆದಿತ್ತು. ಒಳಗೆ ಏನೂ ಇರಲಿಲ್ಲ. ಕಡತ ಇದ್ದ ಮೇಲೆ ಕಚೇರಿ ಬೇಕು, ಕಚೇರಿ ಇದ್ದ ಮೇಲೆ ಅಧಿಕಾರಿ ಬೇಕು. ಹೀಗಾಗಿ ಬೆಟಗೇರಿಯಲ್ಲಿ ಸೀರೆ ನೂಲಿನ ಅಂಗಡಿಯೊಂದರ ಮಾಳಿಗೆಯ ಮೇಲೆ ‘ಮರುಭರ್ತಿ ಕೋಶ’ ತೆರೆಯಿತು. ಅಂದಪ್ಪನವರು ಅಧಿಕಾರಿಯಾದರು. ಅವರು ಜೀವಮಾನದಲ್ಲಿ ಬಂದೂಕು ಮುಟ್ಟಿದವರಲ್ಲ. ಆದ್ದರಿಂದ ಈ ವಿಷಯದಲ್ಲಿ ನಿಷ್ಪಕ್ಷಪಾತಿಯೆಂದು ಮೇಲಿನವರಿಗೆ ಅನಿಸಿತ್ತು.

ಸುದ್ದಿ ಕೇಳಿ ಹಮ್ಮಿಗಿಯ ಶೇಖಸಾಬನಿಗೆ ಹೋದ ಜೀವ ಬಂದಂತಾಯಿತು. ಹೊಳೆದಂಡೆಯ ಅವನ ಎರಡೆಕರೆ ಶೇಂಗಾ ಕೀಳಲು ಇನ್ನು ತಿಂಗಳೊಪ್ಪತ್ತು ಇತ್ತು. ಮನೆಯ ವರ್ಷದ ಎಣ್ಣೆ ಅದರಲ್ಲೇ, ಮುಂದಿನ ವರ್ಷದ ಬೀಜವೂ ಅದರಲ್ಲೇ. ಜಾಲಿಕಂಟಿಯೊಳಗಿನ ಕಾಡುಹಂದಿಗಳು ದಿನಾ ನಸುಕಿನಲ್ಲಿ ಬಂದು ಹೊಲ ಕೆದರುತ್ತಿದ್ದವು. ಅಪ್ಪನ ಕಾಲದ ಒಂಟಿನಳಿಗೆ ಬಂದೂಕಿತ್ತು, ಲೈಸೆನ್ಸಿತ್ತು, ಹನ್ನೊಂದು ಖಾಲಿ ಕಾಡತೂಸುಗಳೂ ಇದ್ದವು. ತುಂಬಿದ್ದು ಒಂದೂ ಇರಲಿಲ್ಲ. ಹಳೆಯ ಜಿಲ್ಲೆಯ ಅಂಗಡಿಯವನು, “ನೀವೀಗ ಬ್ಯಾರೆ ಜಿಲ್ಲಾದವರು” ಎಂದು ಕೈ ಆಡಿಸಿದ್ದ. ಹೊಸ ಜಿಲ್ಲೆಯಲ್ಲಿ ಅಂಥ ಅಂಗಡಿ ಇನ್ನೂ ಹುಟ್ಟಿರಲಿಲ್ಲ.

ಕೋಶದ ಪ್ರಕಟಣೆ ಹೀಗಿತ್ತು: ‘ಸುರಕ್ಷತೆಯ ದೃಷ್ಟಿಯಿಂದ ಶಿಬಿರಾರ್ಥಿಗಳು ಬಂದೂಕು, ಮದ್ದು, ಛರೆ ಹಾಗೂ ಕಾಡತೂಸುಗಳನ್ನು ತರಕೂಡದು. ಉಳಿದ ಎಲ್ಲ ಸಾಮಗ್ರಿಗಳನ್ನು ತಾವೇ ತರತಕ್ಕದ್ದು.’

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ರೈತರು ಉಳಿದ ಸಾಮಗ್ರಿ ಯಾವುದೆಂದು ತಿಳಿಯದೆ ಬುತ್ತಿ ತಂದರು. ಮದ್ದಿನ ಬದಲು ಜೋಳದ ಹಿಟ್ಟು, ಛರೆಯ ಬದಲು ಸಾಸಿವೆ, ಕಾಡತೂಸಿನ ಬದಲು ಕೆಳಗಿನ ಅಂಗಡಿಯಿಂದ ತಂದ ನೂಲಿನ ಖಾಲಿ ಕಂಡಿಕೆ. ಎರಡು ದಿನ ತುಂಬಿದರು. ಮೂರನೆಯ ದಿನ ಪರೀಕ್ಷೆ.

“ಸಾಹೇಬ್ರ, ಹಾರಸೋದು ಹೆಂಗ್ರಿ?” ಎಂದ ಶೇಖಸಾಬ.

“ಬಾಯಿಲೆ ಹಾರಸ್ರಿ,” ಎಂದರು ಅಂದಪ್ಪನವರು. “ಢಂ ಅನ್ರಿ. ಸರಕಾರಿ ಕೆಲಸ ಐತಿ, ಜೋರ ಅನ್ರಿ.”

ಶೇಖಸಾಬ ಮೆತ್ತನೆಯ ಮನುಷ್ಯ. ಎತ್ತಿಗೂ ಗದರಿ ಗೊತ್ತಿಲ್ಲ. ಅವನ ಮೊದಲ ಢಂ ಎದುರಿನ ಕುರ್ಚಿಗೂ ಕೇಳಲಿಲ್ಲ. ‘ಮದ್ದು ಹಸಿಯಾಗಿದೆ’ ಎಂದು ಷರಾ ಬರೆದು ಮತ್ತೊಂದು ಅವಕಾಶ ಕೊಡಲಾಯಿತು. ಎರಡನೆಯದರಲ್ಲಿ ಪಾಸಾದ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಅವನು ಮದ್ದು ಕೇಳಿದ.

“ಮದ್ದಿಂದು ಬ್ಯಾರೆ ಇಲಾಖೆ ಐತ್ರಿ. ನಮ್ಮದು ಭರ್ತಿ ಅಷ್ಟ. ನೀವು ಖರೇನ ರೂಢಿ ಮಾಡಾಕತ್ತೀರಿ ಅಂತ ಬಂದು ಹೇಳ್ರಿ, ಶಿಫಾರಸು ಮಾಡೂನು. ಅಲ್ಲೀತನಕ ಕಲಿಸಿದ್ದನ್ನ ಮಾಡ್ರಿ.”

ಮರುದಿನ ನಸುಕಿನಲ್ಲಿ ಶೇಖಸಾಬ ಬದುವಿನ ಮೇಲೆ ನಿಂತು ಢಂ ಎಂದ. ಹಂದಿಗಳಿಗೆ ಸರಕಾರದ ಪರಿಚಯವಿರಲಿಲ್ಲ, ಬಿದ್ದೆದ್ದು ಓಡಿದವು. ಐದು ದಿನ ಐದು ಢಂ, ಐದು ಸಲವೂ ಓಡಿದವು. ಇದನ್ನು ಕಂಡು ಪಕ್ಕದ ಹೊಲದ ಸಾವಿತ್ರೆವ್ವನೂ ಶುರು ಮಾಡಿದಳು. ಅವಳ ದನಿ ಹೊಳೆಯಾಚೆಗೂ ಕೇಳುತ್ತಿತ್ತು.

ಇಷ್ಟಕ್ಕೆ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಶೇಂಗಾ ಮನೆ ಸೇರುತ್ತಿತ್ತು. ಆದರೆ ಶೇಖಸಾಬ ಪ್ರಾಮಾಣಿಕ. ಮದ್ದಿನ ಶಿಫಾರಸಿಗೆಂದು ಬೆಟಗೇರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಸರಕಾರದಿಂದ ಕೆಲಸವಾಗಿದೆ ಎಂದು ಸರಕಾರಕ್ಕೇ ಹೋಗಿ ಹೇಳುವ ಇಂಥ ದಡ್ಡರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಅಂದಪ್ಪನವರು ಗಾಬರಿಯಾದರು. ಪರಿಣಾಮ ಉಂಟುಮಾಡುವ ವಸ್ತುವೊಂದು ಲೆಕ್ಕವಿಲ್ಲದೆ ಜಿಲ್ಲೆಯಲ್ಲಿ ಓಡಾಡುತ್ತಿತ್ತು! ಸಂಜೆಯೊಳಗೆ ಆದೇಶ ಹೊರಟಿತು. ಢಂ ಎಂಬುದು ಇನ್ನು ಮುಂದೆ ಕಾಡತೂಸೇ. ಒಂದು ಲೈಸೆನ್ಸಿಗೆ ವರ್ಷಕ್ಕೆ ಐದು. ಲೈಸೆನ್ಸಿಲ್ಲದವರು ಅನ್ನಕೂಡದು. ಹೆಚ್ಚುವರಿ ಐದು ಬೇಕಾದವರು ಮೊದಲು ಹಾರಿಸಿದವುಗಳ ಖಾಲಿ ಕಾಡತೂಸನ್ನು ಮರಳಿಸತಕ್ಕದ್ದು. ಮದ್ದಿನ ವಿಷಯ ಆದೇಶದಲ್ಲಿ ಇರಲಿಲ್ಲ; ಢಂ ಇರುವಾಗ ಅದರ ಅಗತ್ಯ ಕಾಣುವುದಿಲ್ಲವೆಂದು ಬಾಯಿಮಾತಿನಲ್ಲಿ ತಿಳಿಸಲಾಯಿತು.

ಶೇಖಸಾಬನ ಐದೂ ಮುಗಿದಿದ್ದವು. ಸಾವಿತ್ರೆವ್ವನಿಗೆ ನೋಟೀಸು ಬಂತು. ತಂದ ಜವಾನನಿಗೆ ಅವಳು, “ಈ ಬಾಯಿ ಮುಚ್ಚಸಾಕ ನಮ್ಮತ್ತಿ ಕಡಿಂದನೂ ಆಗಿದ್ದಿಲ್ಲಪಾ, ನಿಮ್ಮ ಕಡಿಂದ ಆತು ನೋಡು” ಎಂದು ಹೆಬ್ಬೆಟ್ಟು ಒತ್ತಿದಳು.

ಕೋಶದ ಗುಮಾಸ್ತೆ ಸುನಿತಾ ಒಂದು ಸಂದೇಹ ಎತ್ತಿದಳು. “ಸರ್, ಬಾಯಿಲೆ ಹಾರಿಸಿದ್ದಕ್ಕ ಖಾಲಿ ಎಲ್ಲಿಂದ ತರ್ತಾರ್ರಿ?” ಅಂದಪ್ಪನವರು ಎರಡು ದಿನ ಯೋಚಿಸಿದರು. ಕೂಗಿದ ಮೇಲೆ ಗಂಟಲು ಕಟ್ಟುತ್ತದೆ, ಆದ್ದರಿಂದ ಕಟ್ಟಿದ ಗಂಟಲೇ ಖಾಲಿ. ಅದನ್ನು ಗುರುವಾರ ಖುದ್ದಾಗಿ ಹಾಜರುಪಡಿಸತಕ್ಕದ್ದು ಎಂದು ಬರೆಸಿದರು.

ಶೇಂಗಾ ಕೀಳಲು ಎಂಟು ದಿನ ಉಳಿದಿತ್ತು. ಶೇಖಸಾಬ ಎರಡು ಬಸ್ಸು ಬದಲಿಸಿ ಬಂದು ಬಾಯಿ ತೆರೆದ. ಅಂದಪ್ಪನವರು ಬ್ಯಾಟರಿಯ ಬೆಳಕು ಬಿಟ್ಟು ನೋಡಿದರು.

“ಇದು ತುಂಬೇತಲ್ರಿ! ಏನ ಮಾಡೀರಿ?”

“ಹೇಣ್ತಿ ಅರಿಷಿಣ ಹಾಕಿ ಹಾಲ ಕೊಟ್ಟಿದ್ಳರಿ.”

“ಅಂದ್ರ ಮನ್ಯಾಗ ಮರುಭರ್ತಿ ಮಾಡ್ಕೊಂಡೀರಿ.”

“ಮಾಡ್ಕೋಬಹುದಂತ ನೀವ ಸರ್ಟಿಫಿಕೇಟ ಕೊಟ್ಟೀರಲ್ರಿ?”

“ಮಾಡಾಕ ಬರ್ತೈತಿ ಅಂತ ಕೊಟ್ಟೀವಿ. ಮಾಡ್ರಿ ಅಂತ ಎಲ್ಲಿ ಕೊಟ್ಟೀವಿ?”

ಗಂಟಲು ಖಾಲಿಯಾಗಲು ಕೂಗಬೇಕು. ಕೂಗಲು ಕೋಟಾ ಇಲ್ಲ. ದಾರಿ ತೋರಿಸಿದವಳು ಸುನಿತಾ. ಕಚೇರಿಯ ವೇಳೆಯಲ್ಲಿ ಕಚೇರಿಯ ಮುಂದೆ ಕೂಗಿದರೆ ಅದು ಢಂ ಅಲ್ಲ, ಅಹವಾಲು. ಅಹವಾಲಿಗೆ ಮಿತಿಯಿಲ್ಲ, ಅದರಿಂದ ಏನೂ ಆಗುವುದಿಲ್ಲವಾದ್ದರಿಂದ.

ಶೇಖಸಾಬ ಮೆಟ್ಟಿಲ ಮೇಲೆ ನಿಂತ. ಬಾಗಿಲ ಕಡೆ ಮುಖ ಮಾಡಿ ಕೂಗಿದ.

“ನನ್ನ ಹೊಲ ಹೋಗಾಕತ್ತೇತ್ರಿ! ನನ್ನ ಹೇಣ್ತಿ ಫಕೀರಬಿ ಒಂದೊಂದ ಕಾಳ ಕೈಲೆ ಆರಿಸಿ ಬಿತ್ತಿದ ಹೊಲ! ಹಂದಿ ಓಡ್ಸಾಕ ಬಾಯರ ಇತ್ತು, ಅದನ್ನೂ ಕಸ್ಕೊಂಡ್ರಿ! ನೀವೂ ಅನ್ನ ತಿಂತೀರಿ ಏನ್ರಿ? ನಿಮಗೂ ಮನಿ ಮಠ ಅದಾವ ಏನ್ರಿ?”

ಕೆಳಗೆ ಆಟೋಗಳು ನಿಂತವು. ನೂಲಿನ ಅಂಗಡಿಯವರು ಹೊರಗೆ ಬಂದರು. ಆ ಮೆತ್ತನೆಯ ಮನುಷ್ಯ ಅರ್ಧ ತಾಸು ಕೂಗಿದ. ಕಣ್ಣಲ್ಲಿ ನೀರು ಬಂತು, ಕೊನೆಗೆ ಬಾಯಿಂದ ಬರೀ ಗಾಳಿ ಬಂತು. ಅಂದಪ್ಪನವರು ಪೂರ್ತಿ ಶಾಂತವಾಗಿ ಕೇಳಿದರು. ನಂತರ ಬ್ಯಾಟರಿ ಹಿಡಿದು ಹತ್ತಿರ ಬಂದು ಅವನ ಗಂಟಲು ನೋಡಿದರು.

“ಈಗ ಖಾಲಿ ಆತು. ಛಲೋ ಆಗೇತಿ. ಮುಂದಿನವರು ಬರ್ರಿ.”

ಹೆಚ್ಚುವರಿ ಐದು ಢಂ ಮಂಜೂರಾದವು. ಮೊಹರು ಮುಂದಿನ ಗುರುವಾರ ಬಿತ್ತು. ಅಷ್ಟರಲ್ಲಿ ಹಂದಿಗಳು ಎರಡೆಕರೆಯನ್ನೂ ಮುಗಿಸಿ, ಸಾವಿತ್ರೆವ್ವನ ಹೊಲದ ಕೆಲಸಕ್ಕೆ ಇಳಿದಿದ್ದವು. ಫಕೀರಬಿ ಕೆದರಿದ ಮಣ್ಣಿನಲ್ಲಿ ಹುಡುಕಿ ಒಂದು ಸೆರಗಿನಷ್ಟು ಕಾಯಿ ಆರಿಸಿ ತಂದಳು. ಬೀಜಕ್ಕೂ ಅದು ಸಾಲದು.

ಕೋಶ ಈಗ ಸುಸೂತ್ರವಾಗಿ ನಡೆಯುತ್ತಿದೆ. ಗುರುವಾರಗಳಂದು ಮೆಟ್ಟಿಲ ಮೇಲೆ ಸರದಿ ನಿಲ್ಲುತ್ತದೆ. ಕೂಗಿದವರಿಗೆಂದು ಕೆಳಗೊಬ್ಬ ಬೆಲ್ಲದ ಚಹಾ ಮಾರುತ್ತಾನೆ. ಗಂಟಲು ನೋಡಿಸಿಕೊಳ್ಳುವ ಮುಂಚೆ ಮಾರಬಾರದೆಂದು ಅವನಿಗೆ ಲಿಖಿತ ತಾಕೀತು ಇದೆ.

ಮಾರ್ಚ್ ತಿಂಗಳಲ್ಲಿ ಮತ್ತೊಂದು ಸುತ್ತೋಲೆ ಬಂತು: ಮಂಜೂರಾದ ಢಂಗಳನ್ನು ಆರ್ಥಿಕ ವರ್ಷದೊಳಗೆ ವಿನಿಯೋಗಿಸದವರಿಗೆ ಮುಂದಿನ ವರ್ಷ ಕೊಡಲಾಗುವುದಿಲ್ಲ. ಮೂವತ್ತೊಂದರ ಮಧ್ಯಾಹ್ನ ಶೇಖಸಾಬ ಬರಿದಾದ ಹೊಲದ ನಡುವೆ ಹೋಗಿ ನಿಂತ. ಜೊತೆಗೆ ಫಕೀರಬಿ, ಎಣಿಸಲು. ಸುತ್ತ ಒಂದು ಹಂದಿಯೂ ಇರಲಿಲ್ಲ. ಇದ್ದರೂ ತಿನ್ನಲು ಏನೂ ಇರಲಿಲ್ಲ. ಅವನು ಢಂ ಎಂದ. ಮತ್ತೆ ಎಂದ. ಪ್ರತಿ ಸಲ ದನಿ ಏರುತ್ತ ಹೋಯಿತು. ಐದು ಮುಗಿದ ಮೇಲೂ ಅವನ ಬಾಯಿ ತೆರೆದೇ ಇತ್ತು, ಎದೆ ಉಬ್ಬಿತ್ತು.

ಫಕೀರಬಿ ಗಡಬಡಿಸಿ ಬಂದು ಸೆರಗಿನಿಂದ ಅವನ ಬಾಯಿ ಮುಚ್ಚಿದಳು.

“ಸಾಕ ಬಿಡ್ರಿ,” ಎಂದಳು. “ನಮ್ಮವು ಮುಗದ್ವು.”